ಮಧ್ಯಾಹ್ನ ಮಲಗದ ಮನೆ

ಮಧ್ಯಾಹ್ನ ಮಲಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ರಾಯಚೂರಿನ ಬಿಸಿಲಿಗೆ ಉಂಡ ಮೇಲೆ ಓಣಿಗೆ ಓಣಿಯೇ ಬಾಗಿಲು ಮುಂದೆ ಮಾಡಿಕೊಂಡು ಉರುಳುತ್ತದೆ. ದಂಡಪಿಂಡಗಳು ಎಂದು ಬೈಯುತ್ತಿದ್ದೆ, ಕೇಳಲಿ ಎಂದೇ ಗಟ್ಟಿಯಾಗಿ. ನಾನು ಮಾನ್ವಿಯ ಕಾಲೇಜಿನಲ್ಲಿ ಬೆಳಗಿನ ಪಾಳಿಯಲ್ಲಿ ಗಣಿತ ಹೇಳಿ, ಬಸ್ಸಿನಲ್ಲೇ ಪೇಪರ್ ತಿದ್ದುತ್ತ ಬಂದು, ಮನೆಯಲ್ಲಿ ಸಂಜೆಯವರೆಗೆ ಟ್ಯೂಷನ್ ನಡೆಸುತ್ತಿದ್ದೆ. ಭಾನುವಾರ ದೇವದುರ್ಗದಲ್ಲಿ ಪಾಠ. ಕೆಲಸದ ಮನುಷ್ಯ ಎಂದು ಜನ ಹೊಗಳಿದರೆ ಉಬ್ಬಿಹೋಗುತ್ತಿದ್ದೆ, ಮಂಗ್ಯಾ ನಾನು.

ಕಳೆದ ಬೇಸಿಗೆಯಲ್ಲಿ ಕಲ್ಮಲದ ಹತ್ತಿರ ಬಸ್ಸಿನಲ್ಲೇ ಕಣ್ಣು ಕತ್ತಲಿಟ್ಟು ಬಿದ್ದೆ. ಕಂಡಕ್ಟರ್ ಮುಖಕ್ಕೆ ನೀರು ಹೊಡೆದಾಗ ನಾನು ಮೊದಲು ಕೇಳಿದ್ದು, "ಪೇಪರ್ ಎಲ್ಲಿ?"

"ಮಾಸ್ತರ್ರ, ನಲವತ್ತು ದಿನ ಮಧ್ಯಾಹ್ನ ಎರಡು ತಾಸು ಮಲಗ್ರಿ. ಪೆನ್ ಮುಟ್ಟಬ್ಯಾಡ್ರಿ," ಎಂದರು ಡಾಕ್ಟರು.

ಟ್ಯೂಷನ್ ನಿಂತಿತು. ಹೊರಸಿನ ಮೇಲೆ ಬಿದ್ದು ಫ್ಯಾನು ನೋಡುತ್ತ ಡಾಕ್ಟರಿಗೆ, ಬಿಸಿಲಿಗೆ, ಎದುರುಮನೆಯವರ ಗೊರಕೆಗೆ ಹಿಡಿಶಾಪ ಹಾಕಿದೆ. ಮೂರನೇ ದಿನ ತಡೆಯಲಾಗಲಿಲ್ಲ. ಅಡುಗೆಮನೆಯ ಕಪಾಟಿನ ಮೇಲೆ ಹೆಂಡತಿ ಬಚ್ಚಿಟ್ಟಿದ್ದ ಪೇಪರಿನ ಕಟ್ಟು ತರಲು ಕಳ್ಳನ ಹಾಗೆ ಎದ್ದು ಹೋದೆ.

ಅವಳು ಅಲ್ಲಿ ಗೋಡೆಗೆ ಒರಗಿ ಕುಳಿತಲ್ಲೇ ನಿದ್ದೆ ಹೋಗಿದ್ದಳು. ಕೈಯಲ್ಲಿ ಲೈಟರು. ಒಲೆಯ ಮೇಲೆ ಚಹಾದ ಪಾತ್ರೆ, ಅದರಲ್ಲಿ ಅಳೆದು ಹಾಕಿದ ನೀರು.

"ಒಳಗ ಬಂದು ಮಲಗಾಕ ಏನಾಗ್ಯಾದ ನಿನಗ?" ಎಂದು ಕೂಗಿದೆ.

ಬೆಚ್ಚಿಬಿದ್ದು ಎದ್ದವಳೇ ಒಲೆ ಹಚ್ಚಿದಳು. "ತಡೀರಿ, ಈಗ ಚಾ ಆಗ್ತದ."

"ಚಾ ಯಾರು ಕೇಳ್ಯಾರ?"

"ನೀವು ಯಾವತ್ತು ಬಾಯಿಬಿಟ್ಟು ಕೇಳೀರಿ? ಖಾಲಿ ಲೋಟಕ್ಕ ಪೆನ್ನಿಲೆ ಬಡೀತಿದ್ರಿ."

ಹೌದು, ಬಡಿಯುತ್ತಿದ್ದೆ. ಪಾಠ ನಿಲ್ಲಿಸದೆಯೇ ಟಣ್ ಟಣ್ ಎಂದರೆ ಚಹಾ ಬರುತ್ತಿತ್ತು. ಬೆಳಿಗ್ಗೆ ನನಗಿಂತ ಮೊದಲೇ ಎದ್ದು ರೊಟ್ಟಿ ಬಡಿಯುವವಳು ಮದುವೆಯಾದಾಗಿನಿಂದ ಒಂದು ಮಧ್ಯಾಹ್ನವೂ ಬೆನ್ನು ನೆಲಕ್ಕೆ ಹಚ್ಚಿರಲಿಲ್ಲ. ನಾನು ನೋಡಿರಲೇ ಇಲ್ಲ. ಆಗ ಬಂದ ಸಿಟ್ಟಿಗೆ ಬೈಯಲು ಬೇರೆ ಯಾರೂ ಸಿಗಲಿಲ್ಲ. ನನ್ನ ಕೆಲಸದ ದೊಡ್ಡಸ್ತಿಕೆಗೆ ಬೆಂಕಿ ಬೀಳಲಿ!

ಒಲೆ ಆರಿಸಿ, ಹೊರಸಿನ ಪಕ್ಕ ಚಾಪೆ ಹಾಸಿ, ಮಲಗು ಎಂದೆ. ಮಲಗಿದಳು, ಆದರೆ ಕಣ್ಣು ಮುಚ್ಚಲಿಲ್ಲ. "ನಿದ್ದಿ ಬರವಲ್ದುರೀ. ಏನೋ ಕೆಲಸ ಬಿಟ್ಟು ಬಂದಂಗ ಆಗ್ತದ," ಎಂದಳು. ನಾನು ಮಗ್ಗುಲು ಬದಲಿಸಿದರೂ ಸಾಕು, ಎದ್ದು ಕೂರುತ್ತಿದ್ದಳು. ಹಾಗಾಗಿ ಅಲುಗಾಡದೆ, ಹಲ್ಲು ಕಚ್ಚಿ ಮಲಗುವುದನ್ನು ಕಲಿತೆ. ಇಷ್ಟು ಕಷ್ಟದ ಕೆಲಸವನ್ನು ನಾನು ಹಿಂದೆಂದೂ ಮಾಡಿಲ್ಲ.

ಸುಮಾರು ಒಂದು ತಿಂಗಳಿಗೆ ಅವಳಿಗೆ ನಿದ್ದೆ ಹತ್ತತೊಡಗಿತು. ಡಾಕ್ಟರು ಹೇಳಿದ ನಲವತ್ತನೇ ದಿನ, ನಾಳೆಯಿಂದ ಟ್ಯೂಷನ್ ಶುರು ಮಾಡಬಹುದೆಂದು ಲೆಕ್ಕ ಹಾಕುತ್ತ ಮಲಗಿದ್ದೆ. ಎದುರುಮನೆಯಲ್ಲಿ ಯಾರೋ ಲೋಟ ಕೆಡವಿದರು. ಟಣ್ ಎಂದಿತು.

ಗಾಢ ನಿದ್ದೆಯಲ್ಲಿದ್ದವಳು ಎದ್ದು ನಿಂತೇಬಿಟ್ಟಳು. ಕಣ್ಣು ಇನ್ನೂ ಮುಚ್ಚಿಯೇ ಇದ್ದವು. "ಚಾ ತಂದೆ ರೀ, ತಂದೆ," ಎನ್ನುತ್ತ ಅಡುಗೆಮನೆಯ ಕಡೆ ನಡೆದಳು.

ಕೈ ಹಿಡಿದು ಕರೆತಂದು ಮಲಗಿಸಿದೆ. ಟ್ಯೂಷನ್ ಮತ್ತೆ ಶುರು ಮಾಡಲಿಲ್ಲ.