ಹೊಗೆಯೊಳಗಿನ ದನಿಗೆ ಕಿವಿಗೊಟ್ಟವಳು

ವೈರ್‌ಲೆಸ್ ಸೆಟ್ಟು ಸುಮ್ಮನಿರುವ ದಿನಗಳಲ್ಲಿ ಲಿಖಿತಳ ತಲೆಯೊಳಗೆ ಒಂದು ಕಳ್ಳ ಯೋಚನೆ ನುಸುಳುತ್ತದೆ. ಇವತ್ತಾದರೂ ಎಲ್ಲಾದರೂ ಬೆಂಕಿ ಬಿದ್ದೀತೇ? ಮರುಕ್ಷಣವೇ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತದೆ. ಯಾರದೋ ಮನೆ, ಯಾರದೋ ಅಂಗಡಿ ಉರಿದರೆ ಮಾತ್ರ ತನ್ನ ಕೆಲಸಕ್ಕೊಂದು ಅರ್ಥ ಎನ್ನುವುದಾದರೆ ಇದೆಂಥ ಕೆಲಸ, ತಾನೆಂಥವಳು? ಅಮ್ಮನಿಗೆ ಇದನ್ನು ಹೇಳಿಲ್ಲ. ಡೈರಿಯಲ್ಲಿ ಬರೆಯಲು ಹೋಗಿ ಪೆನ್ನು ಮುಚ್ಚಿಟ್ಟಿದ್ದಾಳೆ.

ಈ ಶನಿವಾರವೂ ಆ ಯೋಚನೆಯನ್ನು ಆಚೆ ತಳ್ಳಿ ಅವಳು ಮೈಕಿನ ಗುಂಡಿ ಒತ್ತುತ್ತಾಳೆ. ಹೊರಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕಿಟಕಿಯಾಚೆ ನಂದಿದುರ್ಗ ಚಿನ್ನದ ಗಣಿಯ ಕಡೆಯ ಸೈನೈಡ್ ಮಣ್ಣಿನ ದಿಬ್ಬ ಬೂದಿಬಣ್ಣಕ್ಕೆ ಮಲಗಿದೆ. ತಗಡಿನ ಶೆಡ್ಡು, ಅದರಲ್ಲೊಂದು ನೀರಿನ ಬಂಡಿ, ಪಕ್ಕದಲ್ಲಿ ಮೇಜು ಕುರ್ಚಿ ಹಿಡಿಸುವಷ್ಟು ಕೋಣೆ. ಈ ಚಿಕ್ಕ ಅಗ್ನಿಶಾಮಕ ಹೊರಠಾಣೆಯ ಕಂಟ್ರೋಲ್ ರೂಮೆಂದರೆ ಆ ಕೋಣೆಯೇ. ಕಂಟ್ರೋಲ್ ಎಂದರೆ ಲಿಖಿತಳೇ.

"ಎಲ್ಲಾ ಸೆಟ್ಟುಗಳಿಗೆ ಕಂಟ್ರೋಲ್. ಬೆಳಗಿನ ಪರೀಕ್ಷೆ. ನನ್ನ ದನಿ ಹೇಗೆ ಬರ್ತಿದೆ? ಓವರ್."

ಶೆಡ್ಡಿನಲ್ಲಿ ಬಂಡಿ ಒರೆಸುತ್ತಿರುವ ಪೆರುಮಾಳ್ ಸೊಂಟದ ವಾಕಿಟಾಕಿ ಎತ್ತಿಕೊಳ್ಳುತ್ತಾರೆ. ಅವರು ಇಲ್ಲಿನ ಹಿರಿಯ ಫೈರ್‌ಮನ್. "ಕಿವಿ ಪಕ್ಕ ಸೊಳ್ಳೆ ಹಾಡ್ದಂಗೆ ಬರ್ತಾ ಐತೆ. ಏನಮ್ಮಾ, ಬೆಳಿಗ್ಗೆ ಏನೂ ತಿಂದಿಲ್ವಾ? ಓವರ್."

"ತಿಂದಿದೀನಣ್ಣ."

"ಓವರ್ ಅನ್ಲಿಲ್ಲ ನೀನು. ನಾನು ಇಲ್ಲೇ ಕಾಯ್ತಾ ನಿಂತ್ಕೊಳ್ಳಾ?"

ಶೆಡ್ಡಿನವರ ನಗು ಸೆಟ್ಟಿನ ಸಹಾಯವಿಲ್ಲದೆಯೇ ಕೋಣೆಗೆ ಕೇಳಿಸುತ್ತದೆ. ಲಿಖಿತ ತಲೆ ತಗ್ಗಿಸಿ, ಪರೀಕ್ಷೆಯಾಯಿತೆಂದು ದಾಖಲಿಸುತ್ತಾಳೆ.

ಬಂಗಾರಪೇಟೆಯ ಮಗ್ಗುಲಿನ ಹಳ್ಳಿಯವಳು ಅವಳು. ಅಪ್ಪ ಸೀನಪ್ಪ ಟೊಮೆಟೊ, ರಾಗಿ ಬೆಳೆಯುತ್ತಾರೆ. ಅಮ್ಮ ಚಿಕ್ಕವೆಂಕಟಮ್ಮನದು ಹಸುಗಳ ಕಾರುಬಾರು. ಲಿಖಿತ ಬಿ.ಎ. ಮುಗಿಸಿ, ಗೃಹರಕ್ಷಕ ದಳ ಸೇರಿ, ಅಲ್ಲಿಂದ ಈ ಠಾಣೆಗೆ ನಿಯೋಜನೆಯಾದವಳು. ಮಗಳಿಗೆ ಸಿಕ್ಕ ಕೆಲಸ ಯಾವುದೆಂದು ತಿಳಿದ ದಿನ ಚಿಕ್ಕವೆಂಕಟಮ್ಮ ಹಾಲಿನ ಕ್ಯಾನು ಕೆಳಗಿಟ್ಟು ನಕ್ಕರಂತೆ. "ಇವ್ಳು ಓಯ್ ಅಂದ್ರೆ ನಮ್ಮ ಅಸುನೇ ತಿರುಗಿ ನೋಡಲ್ಲ. ಇವಳ್ನ ಓಗಿ ಓಗಿ ಮೈಕಿನ ಮುಂದೆ ಕೂರ್ಸವ್ರೆ!" ಎಂದು ಈಗಲೂ ಹಾಲಿನ ಡೈರಿಯ ಮುಂದೆ ಸಿಕ್ಕವರಿಗೆಲ್ಲ ಹೇಳುತ್ತಾರೆ. ಹೇಳುವಾಗ ದನಿಯಲ್ಲಿ ಹೆಮ್ಮೆಯೇ ಹೆಚ್ಚು.

ಅಮ್ಮನ ಮಾತಿನಲ್ಲಿ ಉತ್ಪ್ರೇಕ್ಷೆಯೇನಿಲ್ಲ ಎಂದು ಮಗಳೂ ಒಪ್ಪುತ್ತಾಳೆ. "ಕಾಲೇಜಲ್ಲಿ ಹಾಜರಿ ಕೂಗಿದಾಗ ನಾನು ಎಸ್ ಸಾರ್ ಅನ್ನೋದು ಮೇಷ್ಟ್ರಿಗೆ ಕೇಳ್ತಾನೇ ಇರ್ಲಿಲ್ಲ. ಕ್ಲಾಸಲ್ಲಿ ಕೂತ್ಕೊಂಡೇ ಎಷ್ಟೋ ದಿನ ಗೈರಾಗಿದೀನಿ. ಇನ್ನೊಂದ್ಸಲ ಕೂಗಕ್ಕೆ ನಾಚಿಕೆ."

ಆದರೆ ಮಾತು ಕಡಿಮೆಯಿರುವವರ ಕಿವಿ ಚುರುಕಾಗಿರುತ್ತದೆ ಎಂಬುದನ್ನು ಮೊದಲು ಗುರುತಿಸಿದವರು ಠಾಣಾಧಿಕಾರಿ ಮುನೀಂದ್ರ. ವಾರಕ್ಕೆ ಏಳೆಂಟು ಕರೆ ಬರುತ್ತವೆ. ಹುಲ್ಲಿನ ಬಣವೆ, ಬಾವಿಗೆ ಬಿದ್ದ ಕರು, ಕರೆಂಟ್ ಕಂಬದ ಕಿಡಿ, ಅಡುಗೆಮನೆಯ ಸಿಲಿಂಡರು. ಕರೆ ಮಾಡುವವರು ಕನ್ನಡದಲ್ಲಿ ಶುರು ಮಾಡಿ, ಗಾಬರಿಯಾದಂತೆ ತಮಿಳಿಗೋ ತೆಲುಗಿಗೋ ಜಾರುತ್ತಾರೆ. ಲಿಖಿತಳೂ ಅವರ ಹಿಂದೆಯೇ ಜಾರುತ್ತಾಳೆ. "ಅಳೋರಿಗೆ ಮೊದ್ಲು ಸಮಾಧಾನ ಹೇಳ್ಬಾರ್ದು. ಮೊದ್ಲು ಜಾಗ ಕೇಳ್ಬೇಕು. ಬಂಡಿ ಹೊರಟಿದೆ ಅಂತ ಹೇಳೋದೇ ಸಮಾಧಾನ," ಎನ್ನುತ್ತಾಳೆ.

ಬಂಡಿ ಸ್ಥಳ ಮುಟ್ಟಿದ ಮೇಲೆ ಎಲ್ಲವೂ ಮುನೀಂದ್ರರ ಕೈಗೆ. ಕಟ್ಟಡಕ್ಕೆ ಬೆಂಕಿ ಬಿದ್ದಾಗ ಯಾರು ಒಳಗೆ ಹೋಗಬೇಕು, ನೀರು ಯಾವ ಕಡೆಯಿಂದ, ಯಾವಾಗ ಹಿಂದೆ ಸರಿಯಬೇಕು, ಎಲ್ಲವನ್ನೂ ತೀರ್ಮಾನಿಸುವವರು ಒಬ್ಬರೇ. "ಹತ್ತು ಜನ ಹತ್ತು ಮಾತಾಡಿದ್ರೆ ನೀರು ಹತ್ತು ಕಡೆ ಹೋಗುತ್ತೆ. ಬೆಂಕಿ ಮಾತ್ರ ತನಗೆ ಬೇಕಾದ ಕಡೆಗೇ ಹೋಗುತ್ತೆ," ಎಂಬುದು ಅವರ ಪಾಠ. ಅವರು ಸೆಟ್ಟಿನಲ್ಲಿ ಹೇಳಿದ್ದನ್ನು ಕಂಟ್ರೋಲ್ ಹಾಗೆಯೇ ತಿರುಗಿ ಹೇಳಬೇಕು. ತಿರುಗಿ ಹೇಳಿದರೆ ಮಾತು ಸರಿಯಾಗಿ ಮುಟ್ಟಿತೆಂದು ಲೆಕ್ಕ. ಕಂಟ್ರೋಲ್ ತನ್ನ ಅಭಿಪ್ರಾಯ ಹೇಳುವಂತಿಲ್ಲ. ಬೆಂಕಿ ಕಾಣದವರು ಬೆಂಕಿಯ ಬಗ್ಗೆ ಏನು ಹೇಳಿಯಾರು? ಈ ಏರ್ಪಾಡು ಲಿಖಿತಳ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿದೆ. ಇಷ್ಟು ದಿನದಲ್ಲಿ ಅವಳು ಆ ಮೈಕಿನಲ್ಲಿ ತನ್ನದೆಂಬ ಒಂದು ಮಾತೂ ಆಡಿಲ್ಲ.

ಈ ಠಾಣೆಯಲ್ಲಿ ಬೇರೆಲ್ಲೂ ಕಾಣದ ಪದ್ಧತಿಯೊಂದಿದೆ. ಬಂಡಿಯ ಪಕ್ಕೆಯಲ್ಲಿ ಮೊಳೆ ಹೊಡೆದ ಒಂದು ಹಲಗೆ. ಹೊಗೆಯೊಳಗೆ ಹೋಗುವವನು ತನ್ನ ಹೆಸರಿನ ಹಿತ್ತಾಳೆ ಬಿಲ್ಲೆಯನ್ನು ಅದಕ್ಕೆ ತೂಗುಹಾಕಿ ಹೋಗಬೇಕು, ಹೊರಗೆ ಬಂದಾಗ ತೆಗೆದುಕೊಳ್ಳಬೇಕು. ಹಲಗೆಯ ಮೇಲೆ ಬಿಲ್ಲೆ ಉಳಿದಿದ್ದರೆ ಮನುಷ್ಯ ಒಳಗಿದ್ದಾನೆಂದು ಅರ್ಥ. ಪೆರುಮಾಳ್ ಮತ್ತು ಅವರ ಜೊತೆಗಾರ ಸೆಲ್ವರಾಜ್ ಇದನ್ನು ತಂದದ್ದು ಅಪ್ಪಂದಿರಿಂದ. ಇಬ್ಬರ ಅಪ್ಪಂದಿರೂ ಗಣಿಗೆ ಇಳಿಯುತ್ತಿದ್ದವರು, ಹೀಗೆಯೇ ಬಿಲ್ಲೆ ಕೊಟ್ಟು ಇಳಿದು, ಬಿಲ್ಲೆ ಪಡೆದು ಮನೆಗೆ ಹೋಗುತ್ತಿದ್ದವರು. ಅಪ್ಪಂದಿರ ಇನ್ನೊಂದು ರೂಢಿಯೂ ಜೊತೆಗೆ ಬಂದಿದೆ. ಮೊದಲು ಮೇಲೆ ಬಂದವನು ಹಿಂದೆ ಬರುತ್ತಿರುವ ಗೆಳೆಯನ ಬಿಲ್ಲೆಯನ್ನೂ ಎತ್ತಿಕೊಳ್ಳುವುದು. ಸುಸ್ತಾದವನು ಮತ್ತೆ ಸಾಲಿನಲ್ಲಿ ನಿಲ್ಲುವುದು ಬೇಡ ಎಂಬ ಅಕ್ಕರೆ ಅದು. ಅಭ್ಯಾಸದ ದಿನಗಳಲ್ಲಿ ಸೆಲ್ವರಾಜ್ ಎರಡೆರಡು ಬಿಲ್ಲೆ ಜೇಬಿಗೆ ಹಾಕಿಕೊಳ್ಳುವುದನ್ನು ಲಿಖಿತ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದಾಳೆ.

ಶನಿವಾರದ ಮೊದಲ ಕರೆ ತಿಂಡಿಯ ಹೊತ್ತಿಗೆ ಬರುತ್ತದೆ. ರಾಬರ್ಟ್‌ಸನ್‌ಪೇಟೆಯಿಂದ ಒಬ್ಬ ಹೆಂಗಸು. "ಅಕ್ಕಾ, ಹಾಸಿಗೆ ಗೋಡೌನು, ಮಾರ್ಕೆಟ್ ಹಿಂದ್ಗಡೆ, ಪುಗೈ, ಹೊಗೆ ಬರ್ತಾ ಐತೆ, ಸೀಕ್ರಂ, ಬೇಗ ಬನ್ನಿ!" ಲಿಖಿತ ಗಂಟೆ ಒತ್ತುತ್ತಾಳೆ. ತಟ್ಟೆಯಲ್ಲಿದ್ದ ಇಡ್ಲಿ ಅಲ್ಲೇ ಉಳಿದು, ಬಂಡಿ ರಸ್ತೆಗಿಳಿಯುತ್ತದೆ. ಇನ್ನು ಅವಳಿಗೆ ಕಣ್ಣಿಲ್ಲ. ಕಿವಿ ಮಾತ್ರ.

"ಕಂಟ್ರೋಲ್, ಸ್ಥಳ ತಲುಪಿದ್ದೇವೆ," ಮುನೀಂದ್ರರ ದನಿ. "ಒಂದೇ ಅಂತಸ್ತು, ಒಳಗೆ ಹಳೇ ಮರದ ಅಟ್ಟ. ಅಟ್ಟದ ತುಂಬ ಹಾಸಿಗೆ ಫೋಮು. ಹೊಲಿಗೆ ಕೆಲಸದ ಹೆಂಗಸೊಬ್ಬರು ಒಳಗಿರಬಹುದು ಅಂತಾರೆ. ಪೆರುಮಾಳ್, ಸೆಲ್ವರಾಜ್ ಹುಡುಕಕ್ಕೆ ಹೋಗ್ತಿದಾರೆ. ಬಂಗಾರಪೇಟೆಯಿಂದ ಇನ್ನೊಂದು ಬಂಡಿ ಬೇಕು. ಓವರ್."

ಲಿಖಿತ ಒಂದೊಂದನ್ನೂ ತಿರುಗಿ ಹೇಳುತ್ತಾಳೆ, ಬಂಗಾರಪೇಟೆಗೆ ಫೋನು ಮಾಡುತ್ತಾಳೆ. ಸ್ವಲ್ಪ ಹೊತ್ತಿಗೆ ಪೆರುಮಾಳರ ದನಿ, ಮುಖಕವಚದೊಳಗಿಂದ, ಬಾವಿಯಲ್ಲಿ ಮಾತಾಡಿದಂತೆ. "ಕೆಳಗೆ ಯಾರೂ ಇಲ್ಲ ಸಾರ್. ಸೆಲ್ವ ಬಾಗ್ಲು ಕಡೆ ನೋಡ್ತಾನೆ, ನಾನು ಅಟ್ಟ ಹತ್ತುತೀನಿ."

ಅಷ್ಟರಲ್ಲಿ ಗೋಡೌನಿನ ಹೊರಗೆ ಗದ್ದಲವೇಳುವುದು ಸೆಟ್ಟಿನಲ್ಲಿ ಕೇಳಿಸುತ್ತದೆ. ಹೊಲಿಗೆಯ ಹೆಂಗಸು ಪಕ್ಕದ ಬೀದಿಯಿಂದ ಟೀ ಫ್ಲಾಸ್ಕ್ ಹಿಡಿದು ಓಡಿಬಂದಿದ್ದಾಳೆ. ಇನ್ನು ಒಳಗೆ ಹುಡುಕಲು ಯಾರೂ ಇಲ್ಲ. ಮುನೀಂದ್ರ ಎಲ್ಲರೂ ಹೊರಬರಬೇಕೆಂದು ಆಜ್ಞೆ ಕೊಡುತ್ತಾರೆ. "ಬಂದೆ ಸಾರ್," ಎನ್ನುವ ಸೆಲ್ವರಾಜರ ಕೆಮ್ಮು ಲಿಖಿತಳಿಗೆ ಕೇಳಿಸುತ್ತದೆ. ಅವಳು ಇನ್ನೊಂದು ದನಿಗೆ ಕಾಯುತ್ತಾಳೆ.

ಅವಳಿಗೆ ಕಾಣದ್ದು ಇಷ್ಟು. ಕೆಮ್ಮುತ್ತ ಹೊರಬಂದ ಸೆಲ್ವರಾಜ್, ಪೆರುಮಾಳ್ ಬೆನ್ನಿಗೇ ಇದ್ದಾರೆಂಬ ನಂಬಿಕೆಯಲ್ಲಿ, ಕೈ ಅಭ್ಯಾಸಕ್ಕೆ ಎರಡೂ ಬಿಲ್ಲೆಗಳನ್ನು ಎತ್ತಿಕೊಂಡಿದ್ದಾರೆ. ಎತ್ತಿಕೊಂಡವರೇ ಎರಡನೆಯ ಪೈಪು ಎಳೆಯಲು ಹಿಂಬದಿಗೆ ಓಡಿದ್ದಾರೆ.

"ಕಂಟ್ರೋಲ್, ಬಿಲ್ಲೆ ಹಲಗೆ ಖಾಲಿ. ಒಳಗೆ ಯಾರೂ ಇಲ್ಲ. ಅಟ್ಟಕ್ಕೆ ಮುಂಭಾಗದಿಂದ ದೊಡ್ಡ ನೀರಿನ ಜೆಟ್ ಹಾಕ್ತಿದ್ದೇವೆ. ಓವರ್."

ಇದನ್ನೂ ತಿರುಗಿ ಹೇಳಬೇಕು. ಲಿಖಿತಳ ಬೆರಳು ಗುಂಡಿಯ ಮೇಲಿದೆ. ಫೋಮು ನೀರು ಕುಡಿದರೆ ಎಷ್ಟು ಭಾರವಾಗುತ್ತದೆಂದು ಅಭ್ಯಾಸದ ಪಾಠದಲ್ಲಿ ಕೇಳಿದ್ದಾಳೆ. ಸುಟ್ಟ ಮರದ ಅಟ್ಟ ಆ ಭಾರ ತಡೆಯುವುದಿಲ್ಲ, ಮೇಲಿದ್ದವರ ಸಮೇತ ಕುಸಿಯುತ್ತದೆ. ಅಟ್ಟ ಹತ್ತುತ್ತೇನೆಂದ ಪೆರುಮಾಳ್ ಇಳಿದೆ ಎಂದಿಲ್ಲ. ಆದರೆ ಅಲ್ಲಿ ನಿಂತು ನೋಡುತ್ತಿರುವವರು ಅಧಿಕಾರಿ. ಪೆರುಮಾಳ್ ಅವರ ಪಕ್ಕದಲ್ಲೇ ನೀರು ಕುಡಿಯುತ್ತ ನಿಂತಿದ್ದರೆ? ನಾಳೆಯಿಂದ ಇಡೀ ಶೆಡ್ಡು ನಗುತ್ತದೆ. ಒಳಗೆ ಯಾರೂ ಇಲ್ಲ. ಮೂರೇ ಪದ. ಬಾಯಿ ಆ ಮೂರು ಪದಗಳನ್ನು ಹೇಳಲು ಒಪ್ಪುತ್ತಿಲ್ಲ.

"ಕಂಟ್ರೋಲ್, ಕೇಳಿಸ್ತಾ? ಓವರ್."

"ಕೇಳಿಸ್ತು ಸಾರ್. ಆದ್ರೆ ಅದನ್ನ ನಾನು ತಿರುಗಿ ಹೇಳಕ್ಕಾಗಲ್ಲ. ಪೆರುಮಾಳಣ್ಣನ ದನಿ ನನಗಿನ್ನೂ ಕೇಳಿಲ್ಲ. ಓವರ್."

"ಬಿಲ್ಲೆ ಇಲ್ಲ ಕಣಮ್ಮಾ ಇಲ್ಲಿ! ನೀನು ಠಾಣೇಲಿ ಕೂತಿದೀಯ. ಲೈನ್ ಬಿಡು."

ಲೈನ್ ಬಿಡು ಎಂದರೆ ಬಿಡಬೇಕು. ಅದು ನಿಯಮ. ಲಿಖಿತ ಎದ್ದು ನಿಲ್ಲುತ್ತಾಳೆ. ಎದ್ದದ್ದು ಯಾಕೆಂದು ಅವಳಿಗೆ ಈಗಲೂ ಗೊತ್ತಿಲ್ಲ. "ಅಟ್ಟ ಹತ್ತುತೀನಿ ಅಂದ್ರು ಸಾರ್. ಇಳಿದೆ ಅನ್ನಲಿಲ್ಲ. ಬಿಲ್ಲೆನ ಸೆಲ್ವಣ್ಣ ತಗೊಂಡಿರ್ತಾರೆ. ಯಾವಾಗ್ಲೂ ತಗೊಳ್ತಾರೆ. ನೀರು ಬಿಡ್ಬೇಡಿ ಸಾರ್!"

ಠಾಣೆಯ ಅಂಗಳ ಗುಡಿಸುತ್ತಿದ್ದ ಕೆಲಸದ ಪಾಪಕ್ಕ ಪೊರಕೆ ಹಿಡಿದೇ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ಈ ಮಗು ಗಂಟಲಲ್ಲಿ ಅಂಥ ಸದ್ದು ಐತೆ ಅಂತ ಅವತ್ತೇ ನಂಗೆ ಗೊತ್ತಾಗಿದ್ದು," ಎಂದು ಆಮೇಲೆ ಹೇಳಿದವರು ಅವರೇ.

ಸೆಟ್ಟಿನ ಆಚೆಯಿಂದ ಗುಂಡಿ ಬಿಡುವುದನ್ನು ಮರೆತ ಮುನೀಂದ್ರರ ಕೂಗು. "ಜೆಟ್ ನಿಲ್ಸಿ! ಸೆಲ್ವಾ, ಪೆರುಮಾಳ್ ಎಲ್ಲೋ?" ದೂರದಲ್ಲಿ ಸೆಲ್ವರಾಜ್, "ನನ್ನ ಹಿಂದೇನೇ ಬಂದ್ನಲ್ಲ ಸಾರ್," ಎನ್ನುತ್ತಾರೆ. ಮಾತು ಮುಗಿಯುವ ಮೊದಲೇ ಅವರ ದನಿ ಒಡೆಯುತ್ತದೆ. "ಅಯ್ಯೋ, ಬಿಲ್ಲೆ ನನ್ನ ಜೇಬಲ್ಲೈತೆ."

ಬೂಟುಗಳ ಸದ್ದು. ಏಣಿ ಗೋಡೆಗೆ ಬಡಿದ ಸದ್ದು. ಆಮೇಲೆ ಗುಂಡಿ ಬಿಟ್ಟುಹೋಗುತ್ತದೆ, ಕೋಣೆಯಲ್ಲಿ ಬರೀ ಚರಚರ. ಪಾಪಕ್ಕ ಒಳಗೆ ಬಂದು ನೆಲದ ಮೇಲೆ ಕೂರುತ್ತಾರೆ. ಲಿಖಿತ ಕೂರುವುದಿಲ್ಲ. ಏನಾಯಿತೆಂದು ಕೇಳುವಂತಿಲ್ಲ. ಅಲ್ಲಿನವರ ಕೈಗಳಿಗೆ ಈಗ ಬೇರೆ ಕೆಲಸವಿದೆ. ಕಾಯುವುದೂ ಈ ಕೆಲಸದ ಭಾಗವೇ ಎಂದು ತರಬೇತಿಯಲ್ಲಿ ಹೇಳಿದ್ದರು, ಕಾಯುವುದು ಹೇಗೆಂದು ಹೇಳಿರಲಿಲ್ಲ.

ಕೊನೆಗೊಮ್ಮೆ ಸೆಟ್ಟು ಕೆರೆಯುತ್ತದೆ. ಮುನೀಂದ್ರರ ವಾಕಿಟಾಕಿ, ಆದರೆ ದನಿ ಅವರದಲ್ಲ. ಒರಟಾಗಿದೆ, ಹೊಗೆ ಕುಡಿದಿದೆ, ನಡುನಡುವೆ ಕೆಮ್ಮುತ್ತಿದೆ.

"ಕಂಟ್ರೋಲ್, ಪೆರುಮಾಳ್ ಹೊರಗೆ. ಅಟ್ಟದ ಹಲಗೆ ಮುರಿದು ಕಾಲು ಸಿಕ್ಕಾಕ್ಕೊಂಡಿತ್ತು. ಸೆಟ್ಟು ಕೈಜಾರಿ ಕೆಳಗೆ ಬಿತ್ತು. ಹಲಗೆ ಕುಯ್ದು ಎಳ್ಕೊಂಡ್ರು. ಏಟೇನೂ ಜಾಸ್ತಿ ಇಲ್ಲ." ಒಂದು ದೀರ್ಘ ಕೆಮ್ಮು. "ಈ ಸೆಲ್ವ ನೋಡು, ನಾನು ಉಳ್ಕೊಂಡಿದ್ದಕ್ಕೆ ಅಳ್ತಾ ಅವ್ನೆ. ಏನಮ್ಮಾ, ಸಾಹೇಬ್ರಿಗೇ ಜೋರು ಮಾಡಿದ್ಯಂತೆ?"

ಹಿಂದಿನಿಂದ ಮುನೀಂದ್ರ ಏನೋ ಹೇಳುತ್ತಾರೆ, ಸ್ಪಷ್ಟವಾಗುವುದಿಲ್ಲ. ಬೈಗುಳವಂತೂ ಅಲ್ಲ. ಈ ಚಾನೆಲ್ಲಿನಲ್ಲಿ ಬಂಗಾರಪೇಟೆಯಿಂದ ಹೊರಟ ಬಂಡಿಯವರೂ ಇದ್ದಾರೆ. ಎಲ್ಲರೂ ಕಂಟ್ರೋಲಿನ ಉತ್ತರಕ್ಕೆ ಕಾಯುತ್ತಿದ್ದಾರೆ. ಪೆರುಮಾಳ್ ಹೊರಗೆ, ಎಂದು ತಿರುಗಿ ಹೇಳಿದರೆ ನಿಯಮದ ಪ್ರಕಾರ ಸಾಕು. ಲಿಖಿತ ಅದನ್ನು ಹೇಳುತ್ತಾಳೆ, ಗಟ್ಟಿಯಾಗಿ, ಒಂದಕ್ಷರವೂ ನುಂಗದೆ. ಹೇಳಿಯಾದ ಮೇಲೂ ಗುಂಡಿಯಿಂದ ಬೆರಳು ತೆಗೆಯುವುದಿಲ್ಲ.

"ನಂಗೆ ಭಯ ಆಗಿತ್ತಣ್ಣ," ಎನ್ನುತ್ತಾಳೆ.