ತಂತಿ ದಾಟಿದ ಹೊಳೆ

ಚಿಮ್ಮನಚೋಡದ ಲೈನ್‌ಮನ್ ಅಂಬಾರಾಯ ನೆಲ ನೋಡಿ ನಡೆದವನಲ್ಲ. ಮೂವತ್ತನಾಲ್ಕು ವರ್ಷ ತಲೆಯೆತ್ತಿ ತಂತಿ ನೋಡುತ್ತಲೇ ನಡೆದ. ಹಾಗೆ ನಡೆದು ಎರಡು ಸಲ ಹಾಳುಬಾವಿಯ ಅಂಚಿಗೆ ಹೋಗಿ ನಿಂತಿದ್ದ, ಒಂದು ಸಲ ಎಮ್ಮೆಗೆ ಡಿಕ್ಕಿ ಹೊಡೆದಿದ್ದ. ಎಮ್ಮೆಯೇ ಪಾಪ ಎಂದು ದಾರಿ ಬಿಟ್ಟಿತ್ತು. ಇದನ್ನೆಲ್ಲ ಅವನೇ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಹೇಳಿ ಎಲ್ಲರಿಗಿಂತ ಮೊದಲು ನಗುತ್ತಿದ್ದ. ಬೇರೆಯವರು ನಗುವ ಮುಂಚೆ ತಾನೇ ನಕ್ಕುಬಿಟ್ಟರೆ ಅರ್ಧ ಮಾನವಾದರೂ ಉಳಿಯುತ್ತದೆ ಎಂದು ಅವನ ನಂಬಿಕೆ.

ಅವನಿಗೆ ನಗಲು ಬಾರದ ಸಂಗತಿ ಒಂದೇ ಇತ್ತು. ಡಿಸೆಂಬರ್ ಮುಗಿದರೆ ಅವನ ನಿವೃತ್ತಿ. ಇಷ್ಟು ವರ್ಷ ಅವನ ಫೋನು ದಿನವಿಡೀ ಬಡಿದುಕೊಳ್ಳುತ್ತಿತ್ತು. ಲೈಟ್ ಹೋಗಿದೆ, ಮೋಟರು ತಿರುಗುತ್ತಿಲ್ಲ, ಕಂಬಕ್ಕೆ ಬಳ್ಳಿ ಹಬ್ಬಿದೆ. ಊಟದ ನಡುವೆ ಫೋನು ಬಂದರೆ ಬೈಯುತ್ತಿದ್ದ. ಒಂದು ತಾಸು ಬರದಿದ್ದರೆ ಕೆಟ್ಟಿರಬೇಕೆಂದು ಹೆಂಡತಿ ಮಹಾದೇವಮ್ಮನ ಫೋನಿನಿಂದ ತನಗೆ ತಾನೇ ಮಾಡಿಕೊಂಡು ನೋಡುತ್ತಿದ್ದ. ಜನವರಿಯಿಂದ ತನ್ನನ್ನು ಯಾರು ಕರೆಯುತ್ತಾರೆ? ಆ ಯೋಚನೆ ಬಂದಾಗಲೆಲ್ಲ ಅವನಿಗೆ ನಿಜವಾಗಿಯೂ ಹೆದರಿಕೆಯಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ಹೋಟೆಲಿನ ಮುಂದೆ ಪೂನಮ್ ಬಂದಿಳಿದಳು. ಸೇಡಂನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಹುಡುಗಿ, ತಲೆಗೆ ಹೆಲ್ಮೆಟ್, ದಪ್ಪ ಗಾಲಿಯ ಗೇರ್ ಸೈಕಲ್ಲು. ಅವರದು ಹನ್ನೊಂದು ಜನರ ಗುಂಪು, ಡಾಂಬರು ಬಿಟ್ಟು ಗುಡ್ಡ ಹೊಲ ಹಳ್ಳಗಳಲ್ಲೇ ಸೈಕಲ್ಲು ಹೊಡೆಯುವ ಹುಚ್ಚು. ಇಲ್ಲಿಂದ ಐನಾಪುರಕ್ಕೆ ಒಳದಾರಿ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಅವಳು ಕೇಳಿದಳು. ದಾರಿ ಚೆನ್ನಾಗಿದ್ದರೆ ಚಳಿಗಾಲ ಪೂರ್ತಿ ಪ್ರತಿ ರವಿವಾರ ಬರುತ್ತಾರಂತೆ, ದಾರಿ ತೋರಿಸುವವರಿಗೆ ಫೋನು ಮಾಡಿಯೇ ಬರುತ್ತಾರಂತೆ. ಫೋನು ಎಂಬ ಮಾತು ಕಿವಿಗೆ ಬಿದ್ದದ್ದೇ ಅಂಬಾರಾಯ ಚಹಾದ ಬಟ್ಟಲು ಕೆಳಗಿಟ್ಟ. ಆ ದಾರಿ ತನಗೆ ಅಂಗೈ ಗೆರೆಯಿದ್ದಂತೆ ಎಂದ. ಮುಂದಿನ ರವಿವಾರ ಬರಲು ಹೇಳಿದ. ಗುರುತು ಹಾಕಿ ಇಡುವುದು ತನ್ನ ಕೆಲಸ, ಅವರು ಸುಮ್ಮನೆ ಪೆಡಲು ತುಳಿದರೆ ಸಾಕು ಎಂದ.

ಅಂಬಾರಾಯನಿಗೆ ಗೊತ್ತಿದ್ದ ದಾರಿ ಎಂದರೆ ಕಂಬದ ಸಾಲು. ಶನಿವಾರ ಸುಣ್ಣದ ಡಬ್ಬಿ, ಬ್ರಷ್ಷು ಹಿಡಿದು ಹೊರಟ. ಊರಾಚೆಯ ಮೊದಲ ಕಂಬದಿಂದ ಶುರುಮಾಡಿ, ತೊಗರಿ ಹೊಲದ ಬದು, ಕೆಂಪು ಗರಸುಮಣ್ಣಿನ ದಿನ್ನೆ, ಮತ್ತೆ ಇಳಿಜಾರು, ಮತ್ತೆ ದಿನ್ನೆ, ಹೀಗೆ ಕಂಬಕ್ಕೊಂದು ಬಾಣ ಬರೆಯುತ್ತ ನಡೆದ. ಕೊನೆಯ ದಿನ್ನೆ ಹತ್ತುವಷ್ಟರಲ್ಲಿ ಮೊಣಕಾಲು ಕೈಕೊಟ್ಟವು. ಜಾಲಿಯ ಪೊದೆಗಳ ಆಚೆ ಮುಂದಿನ ಕಂಬ ಕಾಣಿಸಿತು, ನಡುವೆ ತಂತಿ ನೆಟ್ಟಗೆ ಹಾದುಹೋಗಿತ್ತು. ಉಳಿದದ್ದನ್ನು ಆ ಕಡೆಯಿಂದ ಮುಗಿಸಿದರಾಯಿತೆಂದು ಬಾಣ ಬರೆದು ಮನೆಗೆ ಬಂದ. ಮಧ್ಯಾಹ್ನ ಮೋಟರ್‌ಸೈಕಲ್ಲಿನಲ್ಲಿ ಸೇತುವೆ ಸುತ್ತಿ ಐನಾಪುರಕ್ಕೆ ಹೋಗಿ, ಅಲ್ಲಿಂದ ಹಿಂದಕ್ಕೆ ಬಾಣ ಬರೆಯುತ್ತ ಆಚೆ ದಂಡೆಯ ಕಂಬದವರೆಗೆ ಬಂದು ನಿಂತ. ಕತ್ತೆತ್ತಿ ನೋಡಿದ. ತಂತಿ ಎಲ್ಲೂ ಜೋತುಬಿದ್ದಿರಲಿಲ್ಲ. ಬಹಳ ಸಮಾಧಾನವಾಯಿತು.

ಸಂಜೆ ರೊಟ್ಟಿ ಬಡಿಯುತ್ತ ಮಹಾದೇವಮ್ಮ ಒಂದೇ ಮಾತು ಕೇಳಿದ್ದಳು. ಅವಳ ತವರು ಐನಾಪುರವೇ.

“ಹೊಳಿ ಎಲ್ಲಿ ದಾಟಸ್ತೀರಿ ಅವರಿಗಿ?”

“ಲೈನ್ ದಾಟ್ಯದಲ್ಲ, ನಾವೂ ದಾಟತೀವಿ” ಎಂದ ಅಂಬಾರಾಯ. ಹಾದಿಯ ವಿಷಯ ನಿನಗೇನು ತಿಳಿಯುತ್ತದೆ ಎಂದೂ ಸೇರಿಸಿದ. ಮಹಾದೇವಮ್ಮ ರೊಟ್ಟಿಯನ್ನು ಸ್ವಲ್ಪ ಜೋರಾಗಿ ಬಡಿದಳು, ಅಷ್ಟೆ.

ರವಿವಾರ ಬೆಳಿಗ್ಗೆ ಹನ್ನೊಂದು ಗೇರ್ ಸೈಕಲ್ಲುಗಳ ಮುಂದೆ ಅಂಬಾರಾಯನ ಹಳೆಯ ಅಟ್ಲಾಸ್ ಸೈಕಲ್ಲು ಹೊರಟಿತು. ಮೊದಲ ಎರಡು ತಾಸು ಅವನ ಬದುಕಿನಲ್ಲೇ ಅತ್ಯಂತ ಸುಖದ ಹೊತ್ತು. ಏರಿನಲ್ಲಿ ಏದುಸಿರು ಬಂದಾಗ ಕಂಬ ಪರೀಕ್ಷಿಸುವ ನೆಪದಲ್ಲಿ ನಿಲ್ಲುತ್ತಿದ್ದ. ಒಂದು ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ತೊಗರಿ ಗಿಡಗಳೊಳಗೆ ನುಗ್ಗಿ, ಕಾಯಿ ಬಲಿತಿವೆಯೋ ಇಲ್ಲವೋ ನೋಡಿದೆ ಎಂದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಹಿಂದಿನವರು ಬಾಣ ಕಂಡಾಗಲೆಲ್ಲ ಹೊಗಳುತ್ತಿದ್ದರು, ಇಷ್ಟು ಅಚ್ಚುಕಟ್ಟಾದ ಗುರುತು ಎಲ್ಲೂ ನೋಡಿಲ್ಲ ಎಂದು.

ಕೊನೆಯ ದಿನ್ನೆ ಹತ್ತಿ, ಜಾಲಿ ಪೊದೆ ಸರಿಸಿ ಮುಂದೆ ಬಂದರು. ಅಲ್ಲಿಗೆ ನೆಲ ಮುಗಿದಿತ್ತು. ಎರಡಾಳು ಎತ್ತರದ ಕಡಿದಾದ ದಂಡೆ, ಕೆಳಗೆ ಮುಲ್ಲಾಮಾರಿ ಹೊಳೆ. ಆಚೆ ದಂಡೆಯ ಕಂಬದ ಮೇಲೆ ನಿನ್ನೆಯ ಬಿಳಿ ಬಾಣ, ಬರ್ರಿ ಬರ್ರಿ ಎಂದು ಕರೆಯುವ ಹಾಗೆ ಐನಾಪುರದ ದಿಕ್ಕು ತೋರುತ್ತಿತ್ತು. ಈ ಬಾಣಕ್ಕೂ ಆ ಬಾಣಕ್ಕೂ ನಡುವೆ ಇದ್ದದ್ದು ತಂತಿ ಮಾತ್ರ.

ಹನ್ನೊಂದು ಜನ ತಂತಿ ನೋಡಿದರು. ಆಮೇಲೆ ಅಂಬಾರಾಯನನ್ನು ನೋಡಿದರು. ಅವನಿಗೆ ಮೊದಲ ಸಲ ನೆಲ ಕಾಣಿಸಿತು. ಈ ಹೊಳೆಯ ಮೇಲಿನ ತಂತಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಕೆಟ್ಟಿರಲಿಲ್ಲ. ಆಚೆ ಕೆಲಸವಿದ್ದರೆ ಅವನು ಸೇತುವೆ ಸುತ್ತಿಯೇ ಹೋಗುತ್ತಿದ್ದ. ಆದರೂ ತಲೆಯೊಳಗೆ ಲೈನು ಒಂದೇ ಆಗಿದ್ದರಿಂದ ದಾರಿಯೂ ಒಂದೇ ಎಂದುಕೊಂಡಿದ್ದ.

ಪೂನಮ್ ಮೆಲ್ಲಗೆ ಹೇಳಿದಳು, “ಕಾಕಾ, ಇಲ್ಲಿಂದ ಕರೆಂಟ್ ಹೋಗ್ತದ್ರಿ. ನಾವು ಹ್ಯಾಂಗ ಹೋಗೋದು?”

ಮೊದಲೇ ನಕ್ಕುಬಿಡಬೇಕೆಂದು ಅಂಬಾರಾಯ ಬಾಯಿ ತೆರೆದ. ನಗು ಬರಲಿಲ್ಲ. ಊರಿಗೆಲ್ಲ ಬೆಳಕು ಕೊಟ್ಟವನ ಬುಡದಲ್ಲೇ ಕತ್ತಲೆ. ಇನ್ನು ಈ ಹುಡುಗಿ ತನಗೇಕೆ ಫೋನು ಮಾಡುತ್ತಾಳೆ? ಮೂವತ್ತನಾಲ್ಕು ವರ್ಷ ಬರೀ ಕರೆ ತೆಗೆದುಕೊಂಡವನು, ಪೊದೆಯ ಮರೆಗೆ ಹೋಗಿ ಮನೆಗೆ ಕರೆ ಮಾಡಿದ.

“ನಾ ದಾರಿ ತಪ್ಪೀನಿ” ಎಂದ.

ಮಹಾದೇವಮ್ಮ ನಗಲಿಲ್ಲ. ಎಲ್ಲಿ ನಿಂತಿದ್ದೀರಿ, ಎದುರಿಗೆ ಏನು ಕಾಣುತ್ತದೆ ಎಂದು ಕೇಳಿದಳು. ತಂತಿ ಎಂದ. ತಂತಿ ಬಿಟ್ಟು ಕೆಳಗೆ ನೋಡಿ ಎಂದಳು. ನೀರು ಹರಿಯುವ ಕಡೆಗೇ ದಂಡೆ ಹಿಡಿದು ನಡೆದರೆ ಜೋಡು ಹುಣಸೆಮರ ಸಿಗುತ್ತವೆ, ಅವುಗಳ ನಡುವಿನಿಂದ ಎಮ್ಮೆಗಳು ಇಳಿಯುವ ಹಾದಿ, ಕೆಳಗೆ ಹಾಸುಬಂಡೆ, ಈ ತಿಂಗಳು ನೀರು ಮೊಣಕಾಲು ದಾಟುವುದಿಲ್ಲ. ಎಲ್ಲ ಹೇಳಿ ಕೊನೆಗೆ ಅಂದಳು:

“ಮದಿವಿಗಿ ಬಂದಾಗ ನೀವೂ ಅಲ್ಲೇ ದಾಟೀರಿ. ಆಗೂ ಮ್ಯಾಲ ನೋಡಕೋತ ಬಂದು ಒಂದು ಕಾಲಾನ ಚಪ್ಪಲಿ ಹೊಳ್ಯಾಗ ಕಳಕೊಂಡಿದ್ರಿ.”

ಹುಣಸೆಮರ ಸಿಕ್ಕವು, ಬಂಡೆಯೂ ಸಿಕ್ಕಿತು. ಹನ್ನೊಂದು ಜನ ಸೈಕಲ್ಲು ಹೆಗಲಿಗೇರಿಸಿ, ಮೊಣಕಾಲುದ್ದ ನೀರಿನಲ್ಲಿ ಮಕ್ಕಳ ಹಾಗೆ ಕೇಕೆ ಹಾಕುತ್ತ ದಾಟಿದರು. ಇಡೀ ದಾರಿಯಲ್ಲಿ ಅವರಿಗೆ ಹೆಚ್ಚು ಹಿಡಿಸಿದ್ದು ಅದೇ. ಐನಾಪುರ ಸೇರಿದ ಮೇಲೆ, ಆ ದಾಟು ಹೇಳಿಕೊಟ್ಟವರು ಯಾರೆಂದು ಪೂನಮ್ ಕೇಳಿದಳು. ಅಂಬಾರಾಯ ಹೆಂಡತಿಯೆಂದು ನಿಜವನ್ನೇ ಹೇಳಿದ. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡಿದ್ದು ತನ್ನದೇ ದಡ್ಡತನ ಎಂದೂ ಹೇಳಿದ.

ಪೂನಮ್ ಫೋನು ಮಾಡದೆಯೇ ಡಿಸೆಂಬರ್ ಮುಗಿಯಿತು, ಜನವರಿ ಬಂತು. ಮೊದಲ ವಾರ ಅವನ ಫೋನು ಮೂರು ಸಲ ಹೊಡೆದುಕೊಂಡಿತು. ಎರಡು ರೆಕಾರ್ಡು ಮಾಡಿದ ದನಿ, ಒಂದು ರಾಂಗ್ ನಂಬರು. ರೆಕಾರ್ಡಿನ ಹೆಣ್ಣುದನಿಯನ್ನೂ ಅವನು ಕೊನೆಯವರೆಗೆ ಕೇಳಿಸಿಕೊಂಡ. ಶನಿವಾರ ಸಂಜೆ ನಾಲ್ಕನೆಯ ಸಲ ಹೊಡೆದಾಗ ಹೆಸರು ನೋಡಿ ಎದ್ದೇ ನಿಂತ. ಪೂನಮ್.

“ಕಾಕಾ, ಆರಾಮ ಇದ್ದೀರ್‍ಯಾ? ಫೋನ್ ಒಂಚೂರು ಕಾಕಿ ಕೈಯಾಗ ಕೊಡ್ರಿ.”

ಕೊಟ್ಟ. ಕೈ ಖಾಲಿಯಾಯಿತು. ಮಹಾದೇವಮ್ಮ ಒಳಗೆ ಕುಳಿತು, ಕಳೆ ತೆಗೆಯಲು ಹೋಗುತ್ತಿದ್ದ ಕಾಲುಹಾದಿ, ಹಳ್ಳ, ಕಣಿವೆಗಳನ್ನೆಲ್ಲ ಒಂದೊಂದಾಗಿ ಹೇಳುತ್ತಿರುವುದು ಕೇಳಿಸುತ್ತಿತ್ತು. ಇದರಲ್ಲಿ ಒಂದು ಹಾದಿಯನ್ನಾದರೂ ತಾನು ಕಂಡದ್ದುಂಟೇ ಎಂದು ಅವನು ಅಂಗಳದಲ್ಲಿ ನಿಂತು ಯೋಚಿಸಿದ. ಸಂಕಟವೂ ಆಯಿತು, ನಗುವೂ ಬಂತು. ಸ್ವಲ್ಪ ಹೊತ್ತಿಗೆ ಅವಳು ಬಾಗಿಲಿಗೆ ಬಂದಳು.

“ನನಗ ಸೈಕಲ್ ಹೊಡಿಯಾಕ ಬರಂಗಿಲ್ಲ ಅಂತ ಹೇಳೀನಿ. ಹಿಂದ ಕುಂದರ್ಸಿಕೊಂಡು ಹೋಗವ್ರು ಒಬ್ಬರು ಬೇಕು.”

ಅಂಬಾರಾಯ ಅಟ್ಲಾಸಿನ ಕ್ಯಾರಿಯರಿಗೆ ಕಂಬಳಿ ಮಡಿಸಿ ಕಟ್ಟಿದ, ಎರಡೂ ಗಾಲಿಗೆ ಗಾಳಿ ಹೊಡೆದ.

ಮರುದಿನ ಬೆಳಿಗ್ಗೆ ಹನ್ನೊಂದು ಗೇರ್ ಸೈಕಲ್ಲುಗಳ ಮುಂದೆ ಅಟ್ಲಾಸ್ ಹೋಗುತ್ತಿತ್ತು. ಅಂಬಾರಾಯ ನೆಲ ಬಿಟ್ಟು ಕಣ್ಣೆತ್ತಲಿಲ್ಲ. ಎಡ, ಬಲ ಎಂದು ಹಿಂದಿನಿಂದ ಮಹಾದೇವಮ್ಮ ಹೇಳುತ್ತಿದ್ದಳು. ಅವನ ಫೋನು ಅವಳ ಕೈಯಲ್ಲಿತ್ತು.