ಮುಳ್ಳಿಲಿಯ ಬೂದಿ

ಹೋದ ಭಾನುವಾರ ಹಿತ್ತಲಲ್ಲಿ ನಿಂತು ಅಕ್ಕನಿಗೆ ಅರ್ಧ ತಾಸು ಭಾಷಣ ಬಿಗಿದೆ. ಈಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದೇನೆ.

ಮಲಪನಗುಡಿಯ ನಮ್ಮ ಮನೆ ಹಿಂದಿನ ಕಲ್ಲುರಾಶಿಯಲ್ಲಿ ಒಂದು ಮುಳ್ಳಿಲಿ ಸೇರಿಕೊಂಡಿತ್ತು. (ಮುಳ್ಳುಹಂದಿ ಅಲ್ಲ ಸ್ವಾಮಿ, ಅದು ಬೇರೆ. ಇದು ಅಂಗೈ ತುಂಬುವಷ್ಟೇ.) ಚೂಪು ಮೂತಿ, ಮೆತ್ತನೆ ಹೊಟ್ಟೆ, ಬೆನ್ನ ತುಂಬ ಮುಳ್ಳು. ಗೆದ್ದಲು, ಜಿರಲೆ, ಸಿಕ್ಕರೆ ಚೇಳನ್ನೂ ಬಿಡುವುದಿಲ್ಲ. ಹುಳ ಸಿಗದ ಬೇಸಿಗೆಯಲ್ಲಿ ದಿನಗಟ್ಟಲೆ ಮಲಗಿಬಿಡುತ್ತದೆ. ತಿಂಗಳಿಂದ ನಾನೇ ಅದರ ಸೆಕ್ಯುರಿಟಿ ಗಾರ್ಡ್.

ಸಂಡೂರಿನಿಂದ ಬಂದಿದ್ದ ಅಕ್ಕನಿಗೆ ಹೆಮ್ಮೆಯಿಂದ ತೋರಿಸಿದೆ. ಕಡ್ಡಿ ತಾಗಿಸಿದ್ದೇ ತಡ, ಮುದುಡಿ ಚೆಂಡಾಯಿತು.

“ಓಡಂಗಿಲ್ಲ, ಕಚ್ಚಂಗಿಲ್ಲ. ಮ್ಯಾಲೊಂದು ಗೋಣಿತಟ್ಟು ಹಾಕಿ ಎತ್ತಿದ್ರ ಆತು,” ಅಂದೆ.

ಹಗಲು ಎಲ್ಲಿ ಮಲಗುತ್ತದೆ ಅಂತ ಅಕ್ಕ ಎರಡೆರಡು ಸಲ ಕೇಳಿದಳು. ಈ ವಯಸ್ಸಲ್ಲೂ ಎಷ್ಟು ಆಸಕ್ತಿ ಅಂದುಕೊಂಡೆ!

ಮರುದಿನ ಬೆಳಿಗ್ಗೆ ಊರಿಗೆ ಹೊರಟಳು. ಚೀಲದಲ್ಲಿ ಉಪ್ಪಿನಕಾಯಿ ಡಬ್ಬಿ ಇದೆ, ಅಲುಗಾಡಿಸಬೇಡ ಅಂದಳು. ಬಸ್ ಸ್ಟಾಪಿನವರೆಗೆ ಹುಷಾರಾಗಿ ಹೊತ್ತವನು ನಾನೇ.

ಸಂಜೆ ನೋಡಿದರೆ ಕಲ್ಲಿನ ಸಂದಿ ಖಾಲಿ. ಫೋನ್ ಮಾಡಿದೆ. ಅಕ್ಕ ಮುಚ್ಚಿಡಲಿಲ್ಲ. ಮೂರು ವರ್ಷದ ಮೊಮ್ಮಗನಿಗೆ ಎರಡು ತಿಂಗಳಿಂದ ಕೆಮ್ಮು. ಮುಳ್ಳು ಸುಟ್ಟ ಬೂದಿಯನ್ನು ಜೇನಿನಲ್ಲಿ ಕಲಸಿ ನೆಕ್ಕಿಸುವುದು ನಮ್ಮ ಹಿರಿಯರ ಔಷಧಿಯಂತೆ.

ನನಗೆ ಮೈಯೆಲ್ಲ ಉರಿಯಿತು. ಉಗುರು ಯಾವುದರಿಂದ ಆಗಿದೆಯೋ ಮುಳ್ಳೂ ಅದರಿಂದಲೇ ಆಗಿದೆ, ನಿನ್ನ ಉಗುರೇ ಸುಟ್ಟು ತಿನ್ನಿಸಬಹುದಿತ್ತಲ್ಲ ಅಂತ ರೇಗಿದೆ. ಡಾಕ್ಟರಿಗೆ ತೋರಿಸಲಿಲ್ಲವೇ ಅಂದೆ.

ತೋರಿಸಿದ್ದಳು. ಮಗುವನ್ನು ಧೂಳಿನಿಂದ ದೂರ ಇಡಿ ಅಂದರಂತೆ. ಅಕ್ಕನ ಮನೆ ಇರುವುದೇ ಅದಿರಿನ ಲಾರಿಗಳು ಓಡಾಡುವ ರೋಡಿನಲ್ಲಿ. ಎಷ್ಟೋ ಲಾರಿಗಳ ಮೇಲೆ ಧೂಳು ಹಾರದಂತೆ ಹೊದಿಸುವ ತಾಡಪತ್ರಿಯೂ ಇರುವುದಿಲ್ಲ. ಹೊಸ್ತಿಲು ಒರೆಸಿ ಬಟ್ಟೆ ಹಿಂಡುವಷ್ಟರಲ್ಲಿ ಮತ್ತೆ ಕೆಂಪು.

“ಲಾರಿ ನಿಲ್ಸಾಕ ನನ್ನ ಕೈಲಿ ಆಕ್ಕೈತೇನು ತಮ್ಮಾ? ಇದನ್ನ ಹಿಡಿಯಾಕ ಆತು, ಹಿಡದೆ,” ಅಂದಳು.

ನಾನು ಫೋನ್ ಇಟ್ಟೆ.

ನಿನ್ನೆ ಮತ್ತೆ ಅವಳ ಫೋನ್. ಹಿಂದೆ ಮಗುವಿನ ಕೆಮ್ಮು ಕೇಳಿಸುತ್ತಿತ್ತು. ಒಂದು ಸಾಲುವುದಿಲ್ಲವಂತೆ, ಕಲ್ಲಿನ ಸಂದಿಯಲ್ಲಿ ಇನ್ನೊಂದು ಇದ್ದರೆ ನೋಡಬೇಕಂತೆ.

ಮುದುಡಿ ಕೂರುವ ಪ್ರಾಣಿಯ ಮೇಲೆ ಗೋಣಿತಟ್ಟು ಹಾಕಲು ನಮಗೆಲ್ಲ ಬರುತ್ತದೆ, ಆ ಲಾರಿಗಳ ಮೇಲೆ ತಾಡಪತ್ರಿ ಹಾಕಿಸುವವರು ಯಾರು?